ನಿಲುಗಡೆ ತಜ್ಞ

ಸರಕಾರದ ಪ್ರತಿಯೊಂದು ಖರ್ಚನ್ನೂ ‘ಗಾಡಿ ನಮ್ಮೂರಾಗ ನಿಂದ್ರತೈತೋ ಇಲ್ಲೋ’ ಎಂಬ ಒಂದೇ ತಕ್ಕಡಿಯಲ್ಲಿ ತೂಗುವ ನಾಗರಿಕನೇ ನಿಲುಗಡೆ ತಜ್ಞ. ರೈಲು ಹಾಯುವ, ಆದರೆ ಎಲ್ಲ ರೈಲೂ ನಿಲ್ಲದ ಊರುಗಳಲ್ಲಿ ಈತ ಬೆಳೆಯುತ್ತಾನೆ. ಹಾವೇರಿ ಜಿಲ್ಲೆ ಸವಣೂರು ತಾಲ್ಲೂಕಿನ ಯಲವಿಗಿ ಇಂಥ ಬೆಳೆಗೆ ಹೇಳಿ ಮಾಡಿಸಿದ ಭೂಮಿ. ವಯಸ್ಸು ಐವತ್ತೈದು ದಾಟಿರುತ್ತದೆ. ನೌಕರಿಯಿಂದ ನಿವೃತ್ತನಾಗಿರುತ್ತಾನೆ, ಇಲ್ಲವೇ ಒಕ್ಕಲುತನವನ್ನು ಮಗನಿಗೆ ಒಪ್ಪಿಸಿ ಸಲಹೆಯನ್ನು ಮಾತ್ರ ತನ್ನಲ್ಲೇ ಇಟ್ಟುಕೊಂಡಿರುತ್ತಾನೆ. ಅಂಗಿಯ ಜೇಬಿನಲ್ಲಿ ಎರಡು ಪೆನ್ನು. ಒಂದು ಬರೆಯುವುದಿಲ್ಲ, ಇನ್ನೊಂದನ್ನು ಯಾರಿಗೂ ಕೊಡುವುದಿಲ್ಲ. ಹೆಸರು ಏನೇ ಇದ್ದರೂ ಊರವರಿಗೆ ಈತ ‘ಕಾಕಾ’.

ಈತನ ನೆಲೆ ಸ್ಟೇಷನ್ ಹತ್ತಿರದ ಚಹಾದಂಗಡಿಯ ಕಟ್ಟೆ. ಅಲ್ಲಿ ಕೂತರೆ ಹಳಿಯೂ ಕಾಣುತ್ತದೆ, ರಸ್ತೆಯೂ ಕಾಣುತ್ತದೆ, ಚಹಾದ ರೊಕ್ಕ ಕೊಡಬಲ್ಲ ಪರಿಚಯಸ್ಥರು ಬರುವುದೂ ದೂರದಿಂದಲೇ ಕಾಣುತ್ತದೆ. ನವಾಬರು ಆಳಿದ, ವೀಳ್ಯದೆಲೆಗೆ ಹೆಸರಾದ, ವಿ.ಕೃ. ಗೋಕಾಕರು ಹುಟ್ಟಿದ ಸವಣೂರಿನವರು ರೈಲು ಹಿಡಿಯಲು ಯಲವಿಗಿಗೆ ಬರುತ್ತಾರೆ. ಗದಗ ಜಿಲ್ಲೆಯ ಲಕ್ಷ್ಮೇಶ್ವರದವರೂ ಇಲ್ಲಿಗೆ ಬರುವುದುಂಟು. ನವಾಬರ ಊರಿಗಿಲ್ಲದ್ದು ತನ್ನೂರಿಗಿದೆ ಎಂಬುದು ತಜ್ಞನ ಹುಟ್ಟುಹೆಮ್ಮೆ. ಸದರ್ನ್ ಮರಾಠಾ ರೈಲ್ವೆ ಕಂಪನಿಯವರು ಇಲ್ಲಿ ಹಳಿ ಹಾಸಿದ್ದನ್ನು ತನ್ನ ಅಜ್ಜನೇ ಕೈಹಿಡಿದು ಹಾಸಿಸಿದಂತೆ ಹೇಳುತ್ತಾನೆ. ಎಕ್ಸ್‌ಪ್ರೆಸ್ ಗಾಡಿಯೊಂದು ಕೂಗಿಕೊಂಡು, ಧೂಳೆಬ್ಬಿಸಿ, ನಿಲ್ಲದೆ ಹೋದಾಗ ಮಾತ್ರ ಈ ಹೆಮ್ಮೆಗೆ ಗಾಯವಾಗುತ್ತದೆ. ತಜ್ಞತೆ ಹುಟ್ಟುವುದು ಆ ಗಾಯದಲ್ಲಿ.

ಆತನ ಅರ್ಥಶಾಸ್ತ್ರಕ್ಕೆ ಎರಡೇ ಸೂತ್ರ. ಒಂದನೆಯದು, ಸರಕಾರದ ರೊಕ್ಕವೆಲ್ಲ ‘ನಮ್ಮ ರೊಕ್ಕ’. ಎರಡನೆಯದು, ನಿಂತದ್ದು ಅಭಿವೃದ್ಧಿ, ನಿಲ್ಲದ್ದು ದುಂದು. ಮೊದಲನೆಯದನ್ನು ಹೇಳುವಾಗ ದನಿ ಏರುತ್ತದೆ: “ರೊಕ್ಕ ಯಾರಪ್ಪಂದ್ರೀ? ತೆರಿಗಿ ಕಟ್ಟಾವ್ರು ನಾವು!” ಪಂಚಾಯಿತಿಯ ಬಿಲ್ ಕಲೆಕ್ಟರ್ ಮನೆಪಟ್ಟಿ ಕೇಳಲು ಬಂದ ಹೊತ್ತಿಗೆ ಈ ತೆರಿಗೆದಾರ ಮನೆಯಲ್ಲಿ ಸಿಕ್ಕಿದ್ದಿಲ್ಲ, ಕಟ್ಟೆಯ ಮೇಲೆ ಕೂತು ದೇಶದ ಆಯವ್ಯಯ ತಿದ್ದುತ್ತಿರುತ್ತಾನೆ.

ರೈಲುಗಳ ಪೈಕಿ ಆತನ ಮುಖ್ಯ ಆರೋಪಿ ವಂದೇ ಭಾರತ್. ಬೆಂಗಳೂರು–ಧಾರವಾಡ ವಂದೇ ಭಾರತ್ 2023ರ ಜೂನ್ 27ರಂದು ಓಡತೊಡಗಿತು. ದಾವಣಗೆರೆ ದಾಟಿ ಹುಬ್ಬಳ್ಳಿಗೆ ಹೋಗುವಾಗ ಯಲವಿಗಿಯ ಮೇಲೇ ಹಾಯುತ್ತದೆ, ನಿಲ್ಲುವುದಿಲ್ಲ. “ಉಳ್ಳವರ ಗಾಡಿ” ಎಂದು ತಜ್ಞ ಅದನ್ನು ದಿನಾ ಬೈಯುತ್ತಾನೆ, ಅದನ್ನು ನೋಡಿಯೇ ಕೈಗಡಿಯಾರ ಸರಿಮಾಡಿಕೊಳ್ಳುತ್ತಾನೆ. ಅದು ಹೋದ ಮೇಲೆ ಎರಡನೇ ಚಹಾ. ಅದು ತಡವಾದ ದಿನ ಚಹಾವೂ ತಡವಾಗುತ್ತದೆ. ಆ ದಿನದ ಬೈಗುಳದಲ್ಲಿ ಆಡಳಿತಯಂತ್ರದ ಕುಸಿತದ ಪ್ರಸ್ತಾಪವೂ ಇರುತ್ತದೆ. ಹಳಿ ಜೋಡಿಯಾದದ್ದು, ಮೇಲೆ ವಿದ್ಯುತ್ ತಂತಿ ಬಂದದ್ದು ಇದೇ ಲೆಕ್ಕಕ್ಕೆ ಸೇರುತ್ತವೆ. “ಮದಲ ಒಂದ ಹಳಿ ಇತ್ತು, ಕ್ರಾಸಿಂಗಿಗೆ ಆದ್ರೂ ಗಾಡಿ ನಿಂದ್ರತಿದ್ವು. ಈಗ ಎರಡು ಹಾಕಿ ಅದನ್ನೂ ಕಳದ್ರು.” ಈ ವಾದದಲ್ಲಿ ಸತ್ಯಾಂಶವಿದೆ. ಒಂಟಿ ಹಳಿಯ ಕಾಲದಲ್ಲಿ ಎದುರಿನ ಗಾಡಿಗೆ ದಾರಿ ಬಿಡಲು ದೊಡ್ಡ ಗಾಡಿಗಳೂ ಸಣ್ಣ ಸ್ಟೇಷನ್ನುಗಳಲ್ಲಿ ಕಾಯಬೇಕಿತ್ತು. ದೇಶಕ್ಕೆ ಅದು ವಿಳಂಬ, ಕಾಕಾನಿಗೆ ನಿಲುಗಡೆ.

ಎರಡನೆಯ ಆರೋಪಿ ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್. ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿರುವ ಈ ಒಂದೂವರೆ ಕಿಲೋಮೀಟರಿಗೂ ತುಸು ಹೆಚ್ಚು ಉದ್ದದ ಪ್ಲಾಟ್‌ಫಾರ್ಮನ್ನು ಜಗತ್ತಿನಲ್ಲೇ ಅತಿ ಉದ್ದದ್ದೆಂದು 2023ರ ಮಾರ್ಚ್ 12ರಂದು ಪ್ರಧಾನಿ ಲೋಕಾರ್ಪಣೆ ಮಾಡಿದರು. ನೆಂಟರು ಬಂದರೆ ತಜ್ಞ ಅವರನ್ನು ಕರೆದೊಯ್ದು ಅದನ್ನು ತೋರಿಸುತ್ತಾನೆ, ತುದಿಯಿಂದ ತುದಿಗೆ ನಡೆಸುತ್ತಾನೆ, ಮರಳಿ ಬಂದು ಕಾಲು ನೋವಾಯಿತೆಂದು ಅದನ್ನೇ ಬೈಯುತ್ತಾನೆ. ಆತನ ಪರಿಹಾರ ಸರಳ: ಅದನ್ನು ತುಂಡು ಮಾಡಿ ಕುಂದಗೋಳ, ಗುಡಗೇರಿ, ಯಲವಿಗಿಗೆ ಹಂಚಬೇಕು. ಉದ್ದ ಹೆಚ್ಚಿದ್ದರೆ ಒಂದೇ ಪ್ಲಾಟ್‌ಫಾರ್ಮಿನಲ್ಲಿ ಎರಡು ಗಾಡಿ ನಿಂತು ಎರಡು ದಿಕ್ಕಿಗೂ ಹೊರಡಬಹುದು ಎಂದು ಕಟ್ಟೆಯ ಹುಡುಗನೊಬ್ಬ ಹೇಳಿದರೆ, “ನಿಂದ್ರಾಕ ನಮ್ಮೂರೂ ಐತಲೋ” ಎಂಬುದು ಉತ್ತರ.

ಇಲಾಖೆಗೆ ಅಹವಾಲು ಸಲ್ಲಿಸುವ ದಾರಿಯೂ ತಜ್ಞನಿಗೆ ನೇರವಾಗಿಲ್ಲ. ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿದೆ, 2003ರಿಂದ ಕೆಲಸ ಮಾಡುತ್ತಿದೆ. ಯಲವಿಗಿ ಸೇರುವುದು ಮಾತ್ರ ಮೈಸೂರು ವಿಭಾಗಕ್ಕೆ. ಗಾಡಿಯಲ್ಲಿ ಕೂತರೆ ಬೇಗ ಮುಟ್ಟುವ ಹುಬ್ಬಳ್ಳಿಯನ್ನು ಬಿಟ್ಟು ದೂರದ ಮೈಸೂರಿಗೆ ಅರ್ಜಿ ಬರೆಯಬೇಕಾಗಿರುವುದು ತಜ್ಞನ ಪ್ರಕಾರ ಸಂಚು. ಹೀಗಾಗಿ ಆತ ಎರಡೂ ಕಡೆಗೆ ಬರೆಯುವುದಿಲ್ಲ. ಮಾಹಿತಿ ಹಕ್ಕಿನ ಅರ್ಜಿಯೂ ಆತನಿಗೆ ಒಗ್ಗಿಲ್ಲ. ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಳಿದರೆ ಮೂವತ್ತು ದಿನದಲ್ಲಿ ಉತ್ತರ ಕೊಡಬೇಕೆಂದು 2005ರ ಕಾಯ್ದೆ ಹೇಳುತ್ತದೆ. ಆದರೆ ರಾಜ್ಯದ ಕಚೇರಿಗಳಿಗೆ ಸಲ್ಲಿಸುವ ಅರ್ಜಿ ಒಂದೇ ವಿಷಯದ ಮೇಲಿರಬೇಕು, 150 ಪದ ಮೀರಬಾರದು ಎಂಬುದು ಕರ್ನಾಟಕದ ನಿಯಮ. ತಜ್ಞನ ನಮಸ್ಕಾರಕ್ಕೇ ಅಷ್ಟು ಪದ ಬೇಕು.

ಬಸ್ಸಿನ ವಿಷಯದಲ್ಲಿ ಆತನ ನಿಲುವು ಹೆಚ್ಚು ತೊಡಕಿನದು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು, ರಾಜ್ಯದ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಉಚಿತವಾಯಿತು. “ಖಜಾನಿ ಬರಿದಾತು” ಎಂದು ಕಟ್ಟೆಯ ಮೇಲೆ ಸಾರುವ ತಜ್ಞನ ಮನೆಯಲ್ಲಿ ಆಧಾರ್ ಕಾರ್ಡುಗಳು ದೇವರ ಜಗುಲಿಯ ಪಕ್ಕದಲ್ಲೇ ಇರುತ್ತವೆ. ಹೆಂಡತಿ ಸವಣೂರು ಸಂತೆಯಿಂದ ಹಿಡಿದು ಧರ್ಮಸ್ಥಳದವರೆಗೆ ಹೋಗಿ ಬಂದಿದ್ದಾಳೆ. ಸೊಸೆ ದಿನಾ ಹಾವೇರಿಗೆ ನೌಕರಿಗೆ ಹೋಗುತ್ತಾಳೆ. ಹೀಗೆ ಉಳಿದ ಬಸ್ ಚಾರ್ಜನ್ನು ಆತ ಸರಕಾರದ ಲೆಕ್ಕಕ್ಕೆ ಬರೆಯದೆ ತನ್ನ ಮಿತವ್ಯಯಕ್ಕೆ ಬರೆದುಕೊಳ್ಳುತ್ತಾನೆ. ಯೋಜನೆಯ ಆದೇಶದಲ್ಲಿ ಆತ ಬಾಯಿಪಾಠ ಮಾಡಿದ್ದು ಗಂಡಸರಿಗೆ ಅರ್ಧ ಸೀಟು ಮೀಸಲು ಎಂಬ ಸಾಲನ್ನು ಮಾತ್ರ. ತುಂಬಿದ ಬಸ್ಸಿನಲ್ಲಿ ಅದನ್ನು ಕಂಡಕ್ಟರನಿಗೆ ಒಪ್ಪಿಸುತ್ತಾನೆ. “ಕಾಕಾ, ನೀವ ಎಬ್ಬಸ್ರಿ” ಎಂದು ಕಂಡಕ್ಟರ್ ಹೇಳಿದಾಗ ಸುತ್ತ ನೋಡುತ್ತಾನೆ. ಸೀಟಿನಲ್ಲಿ ಕೂತವರಲ್ಲಿ ಬೀಗತಿಯೂ ಇರುತ್ತಾಳೆ. ಸವಣೂರು ಬರುವವರೆಗೆ ಕಂಬಿ ಹಿಡಿದು ನಿಂತೇ ಇರುತ್ತಾನೆ.

2025ರ ಜನವರಿ 5ರಿಂದ ಬಸ್ ದರ ಶೇ. 15ರಷ್ಟು ಏರಿತು. ಈ ಏರಿಕೆಯನ್ನು ಮನೆಯಲ್ಲಿ ಅನುಭವಿಸಿದವನು ತಾನೊಬ್ಬನೇ ಎಂಬ ಸಂಕಟ ತಜ್ಞನದು. ಅಂದಿನಿಂದ ಆತ ಟಂಟಂ ಹಿಡಿಯುವುದಾಗಿ ಹೇಳುತ್ತಾನೆ. ಅದು ತುಂಬುವವರೆಗೆ ಹೊರಡುವುದಿಲ್ಲ. ಆದರೆ ಕೈ ಮಾಡಿದಲ್ಲಿ ನಿಲ್ಲುತ್ತದೆ, ಆದ್ದರಿಂದ ಅದರ ಬೇರೆ ದೋಷಗಳೆಲ್ಲ ಮಾಫಿ.

ಹುಬ್ಬಳ್ಳಿ–ಧಾರವಾಡದ ನಡುವಿನ ಚಿಗರಿ ಬಸ್ಸು ಕೂಡ ಆತನ ಪಟ್ಟಿಯಲ್ಲಿದೆ. ನಡುರಸ್ತೆಯಲ್ಲಿ ತನ್ನದೇ ಪಥ, ತಂಪು ಗಾಳಿ, ತಾನಾಗಿ ತೆರೆಯುವ ಬಾಗಿಲು, ಸುಮಾರು 22 ಕಿ.ಮೀ. ದೂರ. ಬೇಸಿಗೆಯಲ್ಲಿ ಹುಬ್ಬಳ್ಳಿಗೆ ಹೋದಾಗ ತಜ್ಞ ಅದರಲ್ಲಿ ಧಾರವಾಡಕ್ಕೆ ಹೋಗಿ, ಇಳಿದು, ಮತ್ತೆ ಅದರಲ್ಲೇ ಬಂದು, ಅದು ಏಕೆ ದುಂದು ಎಂಬುದನ್ನು ಬೆವರದೆ ವಿವರಿಸುತ್ತಾನೆ. ಬಂಕಾಪುರದ ಟೋಲ್ ನಾಕಾದ ಮೇಲಿನ ಸಿಟ್ಟೂ ಹೀಗೆಯೇ ನಿಸ್ವಾರ್ಥದ್ದು. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬೈಕಿಗೆ ಟೋಲ್ ಇಲ್ಲ, ಆತನಲ್ಲಿ ಬೈಕ್ ಬಿಟ್ಟು ಬೇರೆ ವಾಹನವಿಲ್ಲ.

ತಜ್ಞನ ಸಿದ್ಧಾಂತಕ್ಕೆ ನಿಜವಾದ ಪರೀಕ್ಷೆ ಗದಗ–ಯಲವಿಗಿ ಹೊಸ ರೈಲು ಮಾರ್ಗ. ಲಕ್ಷ್ಮೇಶ್ವರದ ಮೇಲೆ ಬರುವ ಈ ಮಾರ್ಗದ ಉದ್ದ 60 ಕಿ.ಮೀ.ಗಿಂತ ತುಸು ಕಡಿಮೆ, ಅಂದಾಜು ವೆಚ್ಚ 600 ಕೋಟಿ ರೂಪಾಯಿಗೂ ಮೇಲೆ. ಬೇರೆ ಯಾವ ಊರಿಗಾದರೂ ಇಷ್ಟು ರೊಕ್ಕವೆಂದರೆ ತಜ್ಞ ಮೂರು ದಿನ ಊಟ ಬಿಡುತ್ತಿದ್ದ. ಇದು ಯಲವಿಗಿಗೆ ಬಂದು ಸೇರುವ ಮಾರ್ಗ. ಬಂದ ಗಾಡಿ ಇಲ್ಲಿ ನಿಲ್ಲಲೇಬೇಕು. ಊರು ಜಂಕ್ಷನ್ ಆಗುತ್ತದೆ. “ಆರನೂರು ಕೋಟಿ ಏನ್ ಮಹಾ? ಈಗಿನ ಕಾಲದಾಗ ಅದೊಂದು ರೊಕ್ಕಾನ?” ಎನ್ನುವ ಆತನ ಔದಾರ್ಯ ಕಂಡವರು ಚಹಾ ಇಳಿಸಿಟ್ಟು ನೋಡುತ್ತಾರೆ. ಭೂಸ್ವಾಧೀನದ ಮಾತು ಎದ್ದಾಗ ಈ ಔದಾರ್ಯಕ್ಕೆ ಗಡಿ ಬೀಳುತ್ತದೆ. ಮಾರ್ಗ ತನ್ನ ಮೂರು ಎಕರೆಯನ್ನು ಸುತ್ತಿಕೊಂಡು ಹೋಗಬೇಕು. ಭಾಗದ ಜಗಳವಿರುವ ತಮ್ಮನ ಹೊಲದ ನಟ್ಟನಡುವೆ ಹಾದರೆ ದೇಶಕ್ಕೆ ಒಳ್ಳೆಯದು. ಪರಿಹಾರದ ದರ ಹೆಚ್ಚೆಂದು ಸುದ್ದಿ ಬಂದ ದಿನ ಆತ ನಕ್ಷೆಯನ್ನು ಮತ್ತೆ ತನ್ನ ಹೊಲಕ್ಕೆ ತಿರುಗಿಸುತ್ತಾನೆ. ಬದುವಿನ ಬೇವಿನ ಗಿಡಗಳನ್ನೂ ಎಣಿಸಿಡುತ್ತಾನೆ.

ಇಷ್ಟರ ಮೇಲೆ ಆತ ನಿರುಪಯೋಗಿ ಎಂದರೆ ತಪ್ಪಾಗುತ್ತದೆ. ಯಾವ ಗಾಡಿ ಯಾವ ದಿನ ಇಲ್ಲ, ಯಾವುದರಲ್ಲಿ ಜನರಲ್ ಡಬ್ಬಿ ಮುಂದೆ, ಕೊನೆಯ ಬಸ್ಸು ತಪ್ಪಿದರೆ ಯಾರ ಟಂಟಂ ಸಿಗುತ್ತದೆ ಎಂಬುದನ್ನು ಆತ ಮೊಬೈಲ್‌ಗಿಂತ ಬೇಗ ಹೇಳುತ್ತಾನೆ. ಅಪರಿಚಿತರ ಚೀಲ ಕಾಯುತ್ತಾನೆ. ಕೆಲವೊಮ್ಮೆ ಆತನ ಮಾತು ನಿಜವೂ ಆಗುತ್ತದೆ. ಕೊರೋನಾ ಕಾಲದಲ್ಲಿ ಪ್ಯಾಸೆಂಜರ್ ಗಾಡಿಯ ಕನಿಷ್ಠ ದರ 10 ರೂಪಾಯಿಯಿಂದ 30ಕ್ಕೆ ಏರಿದಾಗ, ಕುಂದಗೋಳಕ್ಕೆ ಕಾಯಿಪಲ್ಯೆ ಒಯ್ಯುವವಳು ಏನು ಮಾಡಬೇಕೆಂದು ಆತ ದಿನಾ ಕೇಳುತ್ತಿದ್ದ. 2024ರ ಫೆಬ್ರುವರಿಯಲ್ಲಿ ದರ ಮತ್ತೆ 10ಕ್ಕೆ ಇಳಿಯಿತು. ದೇಶಕ್ಕೆಲ್ಲ ಇಳಿದ ಆ ದರವನ್ನು ಯಲವಿಗಿಯ ಕಟ್ಟೆಯಿಂದ ಇಳಿಸಿದವನು ತಾನೇ ಎಂದು ಆತ ನಂಬಿದ್ದಾನೆ. ಅಂದು ಚಹಾದ ರೊಕ್ಕವನ್ನೂ ತಾನೇ ಕೊಟ್ಟ. ಅಂಗಡಿಯವನಿಗೆ ಆ ದಿನಾಂಕ ಇನ್ನೂ ನೆನಪಿದೆ.

ನಿಲುಗಡೆ ತಜ್ಞನ ಹರವು ಯಲವಿಗಿಗೆ ಸೀಮಿತವಲ್ಲ. ಅತ್ತ ಗುಡಗೇರಿ, ಇತ್ತ ಕರಜಗಿ, ಮುಂದೆ ಬ್ಯಾಡಗಿ, ದೇವರಗುಡ್ಡ: ಪ್ರತಿ ಸ್ಟೇಷನ್ನಿಗೂ ಒಬ್ಬ ಕಾಕಾ, ಒಂದು ಕಟ್ಟೆ, ಬರೆಯದ ಒಂದು ಪೆನ್ನು. ಸೂತ್ರವೂ ಎಲ್ಲ ಕಡೆ ಒಂದೇ, ಉದಾಹರಣೆ ಮಾತ್ರ ಬೇರೆ. ಕರಜಗಿಯ ಕಟ್ಟೆಯ ಮೇಲೆ ಕೂತವನು ಸಾರ್ವಜನಿಕ ಹಣದ ದುಂದಿಗೆ ನಿದರ್ಶನ ಕೊಡುವಾಗ ಹುಬ್ಬಳ್ಳಿಯವರೆಗೆ ಹೋಗುವುದೇ ಇಲ್ಲ: “ಆ ಯಲವಿಗ್ಯಾಗ ಅಷ್ಟ್ ಗಾಡಿ ಯಾಕ ನಿಂದ್ರಬೇಕ್ರೀ?”