ಅಪಟ ಮಂಡ ಬೆಲ

ನಮ್ಮ ಆಫೀಸಿನಲ್ಲಿ ವೆಬ್‌ಸೈಟ್ ಮಾಡುವ ಹುಡುಗನ ಬ್ರೌಸರ್ ನೋಡಿದರೆ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನದ ಕೆ.ಆರ್. ಮಾರುಕಟ್ಟೆ ನೆನಪಾಗುತ್ತದೆ. ತುದಿಯಲ್ಲಿ ಐಕಾನುಗಳ ನೂಕುನುಗ್ಗಲು. ಅಕ್ಷರದ ಜಾತಕ ಹೇಳಲು ವಾಟ್‌ಫಾಂಟ್, ಪಿಕ್ಸೆಲ್ ಅಳೆಯಲು ಸ್ಕೇಲು, ಪರದೆಯಿಂದ ಬಣ್ಣ ಹೀರಲು ಕಲರ್‌ಜಿಲ್ಲಾ. (ಹೆಸರು ಕೇಳಿ, ಸರ್ಕಾರ ಮತ್ತೊಂದು ಜಿಲ್ಲೆ ಘೋಷಿಸಿತೇನೋ ಅಂದುಕೊಂಡಿದ್ದೆ.) ಹದಿನೇಳು ಎಕ್ಸ್‌ಟೆನ್ಷನ್ ಎಣಿಸಿದೆ. ಹದಿನೆಂಟನೆಯದರ ಕೆಲಸ, ಉಳಿದ ಹದಿನೇಳನ್ನು ಆನ್-ಆಫ್ ಮಾಡುವುದು.

ಮೊನ್ನೆ ಮಂಡ್ಯದ ಬೆಲ್ಲದ ವ್ಯಾಪಾರಿಯೊಬ್ಬರಿಗೆ ಸೈಟ್ ಮಾಡಿಕೊಟ್ಟೆವು. ಹುಡುಗ, ಸೈಟ್ ಪರೀಕ್ಷಿಸಿ ಅಂಕ ಕೊಡುವ ಲೈಟ್‌ಹೌಸ್ ಓಡಿಸಿದ. ನಾಲ್ಕು ಹಸಿರು ವೃತ್ತ, ನಾಲ್ಕರಲ್ಲೂ 100. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಂತೆ ಆಫೀಸಿಗೆಲ್ಲ ಮೈಸೂರುಪಾಕು ಹಂಚಿದ.

ಮಧ್ಯಾಹ್ನ ಸಾಹುಕಾರರ ಫೋನು. "ಏನ್ ಸ್ವಾಮಿ, ನಮ್ ಬೆಲ್ಲದ್ ಕಾಲು ಯಾರು ಮುರುದ್ರು?"

ಸೈಟ್ ತೆರೆದು ನೋಡಿದೆ. ತಲೆಬರಹ "ಅಪ್ಪಟ ಮಂಡ್ಯ ಬೆಲ್ಲ" ಎಂದಿರಬೇಕಿತ್ತು. "ಅಪಟ ಮಂಡ ಬೆಲ" ಎಂದಿತ್ತು. ಸಾಲಿನ ಎತ್ತರವನ್ನು ಅಕ್ಷರದ ಅಳತೆಗೆ ಸರಿಯಾಗಿ ಬಿಗಿದು, ಹೊರಚಾಚಿದ್ದನ್ನೆಲ್ಲ ಮರೆಮಾಡು ಎಂದು ಬರೆದಿದ್ದ. ವಿನ್ಯಾಸ ಪರೀಕ್ಷಿಸಿದ್ದು "ಲೊರೆಮ್ ಇಪ್ಸಮ್" ಎಂಬ ಹುಸಿ ಲ್ಯಾಟಿನ್ ಹಾಕಿ. ಲ್ಯಾಟಿನ್ನಿಗೆ ಒತ್ತಕ್ಷರದ ಕಾಟ ಇಲ್ಲವಲ್ಲ!

"ಆದ್ರೆ ಸರ್, ಆಕ್ಸೆಸಿಬಿಲಿಟಿ ನೂರಕ್ಕೆ ನೂರು!"

ಸೈಟನ್ನು ಎಲ್ಲರೂ ಬಳಸಬಲ್ಲರೇ ಎಂದು ಅಳೆಯುವ ಆ ಅಂಕ ಇತ್ತು, ನಿಜ. ಅಕ್ಷರ ಮತ್ತು ಹಿನ್ನೆಲೆ ಬಣ್ಣಗಳ ಕಾಂಟ್ರಾಸ್ಟ್ ಅನುಪಾತ 4.5 ದಾಟಿತ್ತು, ಪಾಸು. ಪುಟದ ಭಾಷೆ ಯಾವುದೆಂದು ಹೇಳುವ 'ಲ್ಯಾಂಗ್' ಎಂಬ ಜಾಗದಲ್ಲಿ 'ಇಎನ್' ಎಂದಿತ್ತು, ಅದೂ ಪಾಸು. ಅಲ್ಲಿ ಯಾವುದೋ ಒಂದು ಭಾಷೆಯ ಸರಿಯಾದ ಸಂಕೇತ ಇದ್ದರಾಯಿತು. ಪುಟದಲ್ಲಿ ನಿಜಕ್ಕೂ ಇರುವುದು ಕನ್ನಡವೋ ಕೊರಿಯನ್ನೋ ಎಂದು ಆ ಪರೀಕ್ಷೆ ಕೇಳುವುದಿಲ್ಲ. ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಮಾತ್ರ ಆ ಮಾತು ನಂಬಿ ನಮ್ಮ ಬೆಲ್ಲವನ್ನು ಇಂಗ್ಲಿಷ್ ಗಂಟಲಲ್ಲಿ ಓದಲು ಹೊರಡುತ್ತದೆ. 2019ರಲ್ಲೇ ಮಾನುಯೆಲ್ ಮಾತುಜೊವಿಚ್ ಎಂಬ ಡೆವಲಪರ್ ಹಟಕ್ಕೆ ಬಿದ್ದು, ಯಾರಿಂದಲೂ ಬಳಸಲಾಗದ ಒಂದು ಪುಟ ಕಟ್ಟಿ ಇದೇ ಲೈಟ್‌ಹೌಸಿನಿಂದ ಪೂರ್ತಿ 100 ಗಿಟ್ಟಿಸಿ ತೋರಿಸಿದ್ದ. ಅವನಿಗೆ ಹಟ ಬೇಕಾಯಿತು. ನಮ್ಮ ಹುಡುಗನಿಗೆ ಸಲೀಸಾಗಿ ಬಂತು.

ಸಾಹುಕಾರರ ಇನ್ನೊಂದು ದೂರು: ಆರ್ಡರ್ ಬಟನ್ ಮೇಲೆ ಜಾಹೀರಾತು ಕೂತಿದೆ. "ನನ್ನ ಮೆಷೀನಲ್ಲಿ ಕಾಣ್ತಾನೇ ಇಲ್ಲ ಸರ್" ಎಂದ ಹುಡುಗ. ಎಲ್ಲಿಂದ ಕಾಣಬೇಕು? ಹದಿನೇಳರಲ್ಲೊಂದು ಆಡ್‌ಬ್ಲಾಕರ್. ಪಾಪ, ತಾನು ಕಟ್ಟಿದ ಸೈಟನ್ನು ಅವನು ಒಮ್ಮೆಯೂ ನೋಡಿಯೇ ಇಲ್ಲ. ಎಕ್ಸ್‌ಟೆನ್ಷನ್‌ಗಳಿಂದ ಪುಟ ನಿಧಾನವಾಗುತ್ತಿದೆ, ಇನ್‌ಕಾಗ್ನಿಟೋದಲ್ಲಿ ಪರೀಕ್ಷಿಸಿ ಎಂದು ಲೈಟ್‌ಹೌಸೇ ಆಗಾಗ ಗೋಗರೆಯುತ್ತದೆ. ಆ ಸಾಲಿಗೆ ಅಂಕವಿಲ್ಲ. ಆದ್ದರಿಂದ ಯಾರೂ ಓದುವುದಿಲ್ಲ.

ಹಾಗಂತ ಈ ಸಲಕರಣೆಗಳನ್ನು ನಾನು ಹಳಿಯುವವನಲ್ಲ. 2006ರಲ್ಲಿ ಜೋ ಹೆವಿಟ್, ಪುಟದ ಒಳಗನ್ನು ಬಿಚ್ಚಿ ತೋರಿಸುವ ಫೈರ್‌ಬಗ್ ಎಂಬ ಎಕ್ಸ್‌ಟೆನ್ಷನ್ ಕೊಟ್ಟಾಗ ನಮ್ಮಂಥವರಿಗೆ ಕುರುಡನಿಗೆ ಕಣ್ಣು ಬಂದಂತಾಗಿತ್ತು. ಈಗ ಕಣ್ಣಿದ್ದವರು ನೋಡುವ ಕೆಲಸವನ್ನೂ ಹೊರಗುತ್ತಿಗೆಗೆ ಕೊಟ್ಟಿದ್ದಾರೆ, ಅಷ್ಟೆ. ಎಕ್ಸ್‌ಟೆನ್ಷನ್ ಕೇಳುವ ಗುತ್ತಿಗೆಯ ಷರತ್ತೋ, "ನೀವು ನೋಡುವ ಎಲ್ಲ ವೆಬ್‌ಸೈಟುಗಳ ಎಲ್ಲ ಮಾಹಿತಿಯನ್ನೂ ಓದಬಹುದು, ಬದಲಿಸಬಹುದು". ಗ್ಯಾಸ್ ಸಿಲಿಂಡರಿನವನನ್ನು ಹೊಸ್ತಿಲು ದಾಟಲು ಬಿಡದ ಹುಡುಗ, ಸ್ಕೇಲು ಕೊಡಲು ಬಂದ ಅಪರಿಚಿತನಿಗೆ ಬೀರುವಿನ ಕೀಲಿಕೈಯನ್ನೇ ಕೊಟ್ಟಿದ್ದಾನೆ. 2017ರ ಆಗಸ್ಟ್‌ನಲ್ಲಿ ಕ್ರೋಮಿನ 'ವೆಬ್ ಡೆವಲಪರ್' ಎಕ್ಸ್‌ಟೆನ್ಷನ್ ಮಾಡಿದವರೇ ನಕಲಿ ಇಮೇಲಿಗೆ ಮೋಸಹೋದರು. ಅವರ ಖಾತೆಗೆ ನುಗ್ಗಿದ ಕಳ್ಳ ಹೊಸ ಆವೃತ್ತಿ ಹೊರಡಿಸಿ, ಜನ ನೋಡುವ ಪುಟಗಳಿಗೆ ಜಾಹೀರಾತು ತುರುಕಿದ. ಬಳಸುತ್ತಿದ್ದವರು 10 ಲಕ್ಷಕ್ಕೂ ಹೆಚ್ಚು, ಬಹುಪಾಲು ವೆಬ್‌ಸೈಟ್ ಕಟ್ಟುವವರೇ. ಈ ಕಥೆ ಹೇಳಿದೆ. "ಅದು ಹಳೇ ವರ್ಷನ್ ಸರ್" ಎಂದ.

ಕೊನೆಗೆ ಒತ್ತಕ್ಷರ ರಿಪೇರಿಗೆ ಕೂತ. ಸ್ಕೇಲು ಎಳೆದು ಅಳೆದ, 11 ಪಿಕ್ಸೆಲ್ ಕಮ್ಮಿ. ಬ್ರೌಸರಿನ ಇನ್‌ಸ್ಪೆಕ್ಟರಿನಲ್ಲಿ ಅಲ್ಲೇ ತಿದ್ದಿದ. ಪರದೆಯ ಮೇಲೆ ಪಕಾರ, ಲಕಾರ ಕಾಲೂರಿ ನಿಂತವು. ಇನ್ನೊಂದು ಎಕ್ಸ್‌ಟೆನ್ಷನ್ ಒತ್ತಿ ಇಡೀ ಪುಟದ ಸ್ಕ್ರೀನ್‌ಶಾಟ್ ತೆಗೆದು, ಸಾಹುಕಾರರಿಗೆ ವಾಟ್ಸಾಪ್ ಮಾಡಿ, ಬಿಲ್ಲನ್ನೂ ಲಗತ್ತಿಸಿ ಟ್ಯಾಬ್ ಮುಚ್ಚಿದ. ಹಾಗೆ ತಿದ್ದಿದ್ದು ಟ್ಯಾಬ್ ಮುಚ್ಚಿದೊಡನೆ ಹಾರಿಹೋಗುತ್ತದೆ, ಸರ್ವರಿಗೆ ಅದರ ಸುದ್ದಿಯೇ ಮುಟ್ಟುವುದಿಲ್ಲ.

ಸಂಜೆ ಸಾಹುಕಾರರಿಂದ ಉತ್ತರ ಬಂತು. ಚೊಕ್ಕ ಅಕ್ಷರದಲ್ಲಿ ಬರೆದು ಸಹಿ ಹಾಕಿದ ಚೆಕ್ಕಿನ ಫೋಟೋ. ಕೆಳಗೆ ಒಂದೇ ಸಾಲು: "ನಿಮ್ ಫೋಟೋ ಚೆನ್ನಾಗದೆ, ನಮ್ದೂ ನೋಡಿ."