ಕನ್ನಡಕವಿಲ್ಲದ ಮನೆಯ ಸಾಸಿವೆ

ಕನ್ನಡಕವಿಲ್ಲದ ಮನೆಯಿಂದ ಸಾಸಿವೆ ತನ್ನಿ ಎಂದು ಈಗ ಯಾರಾದರೂ ಕಳಿಸಿದರೆ, ಇಡೀ ಬಡಾವಣೆ ಸುತ್ತಿ ಬರಿಗೈಯಲ್ಲಿ ಬರಬೇಕಾದೀತು. "ನಮ್ಮನೇಲಿ ಯಾರಿಗೂ ನಂಬರ್ ಇಲ್ಲಪ್ಪ" ಎನ್ನುವವರು ಸಿಕ್ಕರೆ ನಂಬಬೇಡಿ. ಅವರಿನ್ನೂ ಕಣ್ಣು ತೋರಿಸಿಲ್ಲ, ಅಷ್ಟೆ.

ತೊಟ್ಟಿಲಿನಿಂದಲೇ ಲೆಕ್ಕ ಹಾಕೋಣ. ಹುಟ್ಟಿದಾಗ ಕಣ್ಣುಗುಡ್ಡೆ ಸುಮಾರು 17 ಮಿ.ಮೀ. ಉದ್ದ. ಗಿಡ್ಡವಾದ್ದರಿಂದ ಹೆಚ್ಚಿನ ಕೂಸುಗಳಿಗೆ ಪ್ಲಸ್ ನಂಬರು! ಬೆಳೆದು 24 ಮಿ.ಮೀ. ಮುಟ್ಟುವಷ್ಟರಲ್ಲಿ ಬಹುತೇಕರಿಗೆ ಅದು ತಾನಾಗಿ ಕರಗುತ್ತದೆ. ಆದರೆ ಕೆಲವು ಕಣ್ಣುಗಳಿಗೆ ಎಲ್ಲಿ ನಿಲ್ಲಬೇಕೆಂಬುದೇ ತಿಳಿಯದು. ಒಂದು ಮಿ.ಮೀ. ಜಾಸ್ತಿ ಬೆಳೆದರೂ ಹೆಚ್ಚುಕಡಿಮೆ ಎರಡೂವರೆ ಮೈನಸ್ ದಂಡ. ಬೋರ್ಡು ಕಾಣದ ಹುಡುಗ ಪಕ್ಕದವನ ನೋಟ್‌ಬುಕ್ ಇಣುಕುತ್ತಾನೆ. ಮೇಷ್ಟ್ರು ಕಾಪಿ ಹೊಡೆದನೆಂದು ಕಿವಿ ಹಿಂಡುತ್ತಾರೆ. ಅಮ್ಮ ಮೊಬೈಲನ್ನು ಶಪಿಸುತ್ತಾಳೆ. ಪಾಪ, ತಪ್ಪು ಅದೊಂದರದ್ದೇ ಅಲ್ಲ. ಕಣ್ಣು ಅತಿಯಾಗಿ ಉದ್ದವಾಗದಂತೆ ತಡೆಯುವುದು ಹಗಲಿನ ಬೆಳಕು. ಅದೇ ಹೊತ್ತಿಗೆ ಮಗನನ್ನು ಟ್ಯೂಷನ್ನಿಗೆ ಕಳಿಸಿದವರು ಯಾರು? ಓದಿಗೆ ಹೆಸರಾದ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ 19ರ ಹರೆಯದ ಹುಡುಗರನ್ನು ಪರೀಕ್ಷಿಸಿದರೆ ನೂರಕ್ಕೆ 96 ಮಂದಿಗೆ ಮೈನಸ್ ಇತ್ತು. 2050ರ ಹೊತ್ತಿಗೆ ಜಗತ್ತಿನ ಅರ್ಧ ಜನ ಇದೇ ಸಾಲಿಗೆ ಸೇರುತ್ತಾರೆಂದು ಕಣ್ಣಿನ ತಜ್ಞರ ಅಂದಾಜು.

ಇಷ್ಟು ದಿನ ಮಗನನ್ನು ಸೋಡಾಬುಡ್ಡಿ ಎಂದು ಆಡಿಕೊಂಡ ಅಪ್ಪನಿಗೆ ನಲವತ್ತು ದಾಟಿತೆನ್ನಿ. ಮಾತ್ರೆಯ ಚೀಟಿ ಮೊದಲು ಗೇಣು ದೂರ ಹೋಗುತ್ತದೆ, ಆಮೇಲೆ ಮೊಳ ದೂರ. ಕೈ ಸಾಲದೇ ಹೋದಾಗ, "ಈಗಿನವರು ಅಕ್ಷರ ಎಷ್ಟು ಸಣ್ಣ ಹಾಕ್ತಾರ್ರೀ!" ಅಕ್ಷರ ಇದ್ದಷ್ಟೇ ಇದೆ ಸ್ವಾಮಿ, ನಿಮ್ಮ ಕಣ್ಣೊಳಗಿನ ಮಸೂರ ಗಡುಸಾಗಿ, ಬಾಗುವುದನ್ನು ಮರೆತಿದೆ. ಈ ಚಾಳೀಸು ಬಡವ-ಬಲ್ಲಿದ ನೋಡುವುದಿಲ್ಲ. ಮೈನಸ್ಸಿನವರು ಮಾತ್ರ ಕನ್ನಡಕ ತೆಗೆದಿಟ್ಟು ಸಲೀಸಾಗಿ ಓದಿ ಹಳೇ ಸೇಡು ತೀರಿಸಿಕೊಳ್ಳುತ್ತಾರೆ.

ಇನ್ನು ಎಪ್ಪತ್ತರ ಅಜ್ಜ. "ನೋಡ್ರೋ, ಕನ್ನಡಕ ಇಲ್ದೆ ಪೇಪರ್ ಓದ್ತೀನಿ!" ಎಲ್ಲರೂ ಹಳೇ ಕಾಲದ ತುಪ್ಪವನ್ನು ಹೊಗಳುತ್ತಾರೆ. ತುಪ್ಪವೂ ಇಲ್ಲ, ಪವಾಡವೂ ಇಲ್ಲ. ಪೊರೆ ಬೆಳೆಯುತ್ತಾ ಕಣ್ಣನ್ನು ಮೈನಸ್ಸಿನ ಕಡೆ ತಳ್ಳಿರುತ್ತದೆ. ಗೇಟಿನ ಬಳಿ ನಿಂತ ಅಳಿಯ ಯಾರೆಂದು ಕೇಳಿ, ಗುಟ್ಟು ಬಯಲಾಗುತ್ತದೆ.

ಆದ್ದರಿಂದ ಒಬ್ಬರನ್ನೊಬ್ಬರು ಆಡಿಕೊಳ್ಳುವುದು ಸಾಕು. ಮಕ್ಕಳನ್ನು ದಿನಾ ಒಂದೆರಡು ಗಂಟೆ ಬಯಲಿಗೆ ಅಟ್ಟಿ. ಮನೆಮಂದಿಯೆಲ್ಲ ವರ್ಷಕ್ಕೊಮ್ಮೆ ಕಣ್ಣು ತೋರಿಸಿಕೊಳ್ಳಿ. ಈ ಪುಟವನ್ನು ಕೈ ಚಾಚಿ ಹಿಡಿದು ಓದುತ್ತಿರುವವರು ಮೊದಲು ಹೊರಡಿ.