ಬೇರಿಂಗ್ ಕೇಳಬೇಡಿ, ಬಾರ್ ಕೇಳಿ!

ದೊಡ್ಡಬಳ್ಳಾಪುರದ ಆಚೆ ಒಂದು ರಾಗಿ ಹೊಲದಲ್ಲಿ ಕಂಬೈನ್ ಹಾರ್ವೆಸ್ಟರ್ ಮತ್ತೆ ಕೈಕೊಟ್ಟಿದೆ. ತೆನೆ ನೆಲಕ್ಕೆ ಮಲಗಿದೆ, ಮೋಡ ಕವಿದಿದೆ, ಮಾಲೀಕ ಬೇರಿಂಗ್ ತರಲು ಪೇಟೆಗೆ ಓಡಿದ್ದಾನೆ. ಯಂತ್ರದ ಹೊಟ್ಟೆಯೊಳಗಿನ ಒಕ್ಕಣೆ ಡ್ರಮ್ಮು ಮಾತಿಗೆ ಸಿಕ್ಕಿತು.

ಈ ಸುಗ್ಗಿಗೆ ಇದು ಎಷ್ಟನೇ ಬೇರಿಂಗ್?

ಡ್ರಮ್ಮು: ಬೇರಿಂಗ್ ಬಿಡಿ, ಬಾರ್ ಕೇಳಿ. ನನ್ನ ಮೈಸುತ್ತ ತೆನೆ ಉಜ್ಜುವ 8 ರಾಸ್ಪ್ ಬಾರ್. ಒಂದು ಸವೆದರೆ ಎದುರಿನದನ್ನೂ ಜೋಡಿಯಾಗಿ ಬದಲಾಯಿಸಬೇಕು. ನಮ್ಮ ಮಾಲೀಕ ಒಂದೇ ಹಾಕಿಸಿದ. ಆ ಬದಿಗೆ 100 ಗ್ರಾಂ ಹೆಚ್ಚಾಯಿತು. ‘ಅಷ್ಟೇನಾ’ ಅಂದ. 60 ಸೆಂ.ಮೀ. ವ್ಯಾಸದ ನಾನು ನಿಮಿಷಕ್ಕೆ 1,000 ಸುತ್ತು ತಿರುಗಿದರೆ ಆ 100 ಗ್ರಾಂ ಸುಮಾರು 33 ಕೆ.ಜಿ. ಭಾರದಷ್ಟು ಜಗ್ಗುತ್ತೆ. ಸೆಕೆಂಡಿಗೆ ಸುಮಾರು ಹದಿನೇಳು ಸಲ, ಎಲ್ಲ ದಿಕ್ಕಿಗೂ. ಬೇರಿಂಗ್ ಏನು ಮಾಡೀತು ಪಾಪ!

ಕಣದಲ್ಲಿ ತೆನೆ ಒಕ್ಕುತ್ತಿದ್ದ ರೋಣಗಲ್ಲಿಗೆ ಈ ಕಾಯಿಲೆ ಇರಲಿಲ್ಲ.

ಡ್ರಮ್ಮು: ಅದು ಎತ್ತಿನ ಹಿಂದೆ ಉರುಳ್ತಿತ್ತು ಸ್ವಾಮಿ. ವೇಗ ಎರಡರಷ್ಟಾದರೆ ಜಗ್ಗಾಟ ನಾಲ್ಕರಷ್ಟು. ಸೊಟ್ಟಗಿದ್ದರೂ ಅದಕ್ಕೆ ನಡೀತಿತ್ತು.

ಸೊಟ್ಟ ಯಾಕಿರುತ್ತೆ? ಸಾದಹಳ್ಳಿ ಕಲ್ಲು! ಈಗ ನಂದಿಬೆಟ್ಟದ ದಾರಿಯ ರೆಸಾರ್ಟುಗಳಲ್ಲಿ ಹೂಕುಂಡ ಕಾಯ್ತಾ ಕೂತಿದೆ. ಕಣಗಳು ಸೈಟಾದವು, ತೆನೆ ಒಕ್ಕಣೆಗೆ ಡಾಂಬರು ರಸ್ತೆಗೆ ಬಂತು, ಬೈಕಿನವರು ಜಾರಿ ಬಿದ್ದರು. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯವರು ಭೂಸ್ವಾಧೀನದಿಂದ 1,777 ಎಕರೆ ಉಳಿಸಿಕೊಳ್ಳಲು 2022ರಿಂದ ಮೂರು ವರ್ಷ ಧರಣಿ ಕೂತರಲ್ಲ, ಆ ಹೊಲಗಳಲ್ಲಾದರೂ ಒಂದು ಕಣ...

ಡ್ರಮ್ಮು: ಇದು ಪ್ರಶ್ನೆಯೋ, ಭಾಷಣವೋ?

ಸರಿ. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ ಇತ್ತು, ನಿಮ್ಮ ಬಾಡಿಗೆ ಗಂಟೆ ಲೆಕ್ಕ. ರೈತನಿಗೆ ಉಳಿಯೋದೇನು?

ಡ್ರಮ್ಮು: ನನ್ನ ಇಲಾಖೆಯಲ್ಲ. ಬಾರಿಗೆ ಬನ್ನಿ. ವೆಲ್ಡಿಂಗ್ ಹುಡುಗ ತೂಕ ಸರಿಮಾಡ್ತೀನಿ ಅಂತ ಎದುರು ಬದಿಗೆ ಕಬ್ಬಿಣದ ತುಂಡು ಅಂಟಿಸಿದ. ಭಾರ ಎಡತುದೀಲಿ, ತುಂಡು ಬಲತುದೀಲಿ! ನಿಂತಾಗ ನಾನು ಸಮ. ತಿರುಗಿದ ತಕ್ಷಣ ಒಂದು ತುದಿ ಮೇಲಕ್ಕೆ, ಇನ್ನೊಂದು ಕೆಳಕ್ಕೆ. ಎರಡೂ ತುದಿ ನೋಡದೆ ಬ್ಯಾಲೆನ್ಸಿಂಗಂತೆ.

ನಡುಗಿದರೆ ನಡುಗಲಿ, ಕಾಳು ಉದುರಿದರೆ ಸಾಕು ಅಂತಾರೆ.

ಡ್ರಮ್ಮು: ಅಂತಾರೆ. ನಡುಕಕ್ಕೆ ಬೆಲ್ಟ್ ಕವರಿನ ಬೋಲ್ಟು ಸಡಿಲ ಆಗುತ್ತೆ. ಒಂದೆರಡು ಸಲ ಬಿಗೀತಾರೆ, ಆಮೇಲೆ ಕವರನ್ನೇ ಕಿತ್ತು ಶೆಡ್ಡಿಗೆ ಎಸೀತಾರೆ. ಹುಲ್ಲು ಸಿಕ್ಕಿಕೊಂಡರೆ ಇಂಜಿನ್ ಆರಿಸೋದಿಲ್ಲ, ಕೂಲಿ ಹುಡುಗನಿಗೆ ‘ಕೈ ಹಾಕೋ’ ಅಂತಾರೆ. ಒಕ್ಕಣೆ ಯಂತ್ರಕ್ಕೆ ಕೈಕಾಲು ಕೊಟ್ಟವರಿಗೆ ಪರಿಹಾರ ಸಿಗಲಿ ಅಂತ ಪಾರ್ಲಿಮೆಂಟು 1983ರಲ್ಲೇ ಅಪಾಯಕಾರಿ ಯಂತ್ರಗಳ ಕಾಯ್ದೆ ಮಾಡಿತು. ಎಷ್ಟು ಮಾಲೀಕರಿಗೆ ಅದರ ಹೆಸರು ಗೊತ್ತು? ಕೈ ಹೋದವನದೇ ಅಜಾಗರೂಕತೆ ಅಂತ ಮಾತು ಮುಗಿಸ್ತೀರಿ. ಬೋಲ್ಟಿಗೊಂದು ಸ್ಪ್ರಿಂಗ್ ವಾಷರ್ ಹಾಕಿಸದವನದು ಏನು? ಉಳಿತಾಯವಾ?

...ಆದರೂ, ರೋಣಗಲ್ಲು ಯಾರ ಕೈಯನ್ನೂ...

ಡ್ರಮ್ಮು: ರೀ, ಡ್ರೈವರ್ ಸೀಟಿಗೆ ಹತ್ತಿದ. ನಿಮ್ಮ ಟವೆಲ್ಲು ಬೆಲ್ಟಿನ ಮೇಲೆ ತೂಗಾಡ್ತಿದೆ. ಹಿಂದಕ್ಕೆ ಸರೀರಿ!